ಬೆಂಕಿ ಹಾಕೋ ದಿನ ಯಾರು ಹೇಳಬೇಕು? ಬಿಳಿಗಿರಿರಂಗನ ಬೆಟ್ಟ, ಸೋಲಿಗರು ಮತ್ತು ಕಾಡಿನ ಉಸ್ತುವಾರಿ

ಕಾಡಂಚಿನವ

ಹೋದ ವಾರ ಯಳಂದೂರು ಕಡೆಯಿಂದ ಬೆಟ್ಟ ಹತ್ತಿದ್ದೆ. ಜೊತೆಗೆ ಪೋಡಿನ, ಅಂದರೆ ಬೆಟ್ಟದ ಆದಿವಾಸಿ ಸೋಲಿಗರ ಹಾಡಿಯ, ಹಿರಿಯರೊಬ್ಬರಿದ್ದರು. ರಸ್ತೆಯ ಎರಡೂ ಬದಿ ಆಳೆತ್ತರದ ಲಂಟಾನ. ಒಂದು ತಿರುವಿನಲ್ಲಿ ಜೀಪು ನಿಲ್ಲಿಸೋಕೆ ಹೇಳಿ, ಆ ಮುಳ್ಳುಗೋಡೆ ಕಡೆ ಗದ್ದ ಎತ್ತಿ ತೋರಿಸಿದರು. "ನಮ್ಮಪ್ಪನ ಕಾಲದಾಗೆ ಇಲ್ಲಿ ನಿಂತ್ರೆ ಕೆಳಗಡೆ ಹಳ್ಳದಲ್ಲಿ ಆನೆ ನೀರು ಕುಡಿಯೋದು ಕಾಣೋದು ಸಾರ್. ಈಗ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ರೂ ಕಾಣಲ್ಲ. ಬೆಂಕಿ ನಿಲ್ಸಿದ್ರಲ್ಲ, ಅದಕ್ಕೇ ಇದು."

ಆ ಕೊನೆಯ ಮಾತು ತಲೆಯಲ್ಲೇ ಉಳಿಯಿತು. ಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳಿಕೊಡೋದು ಕಾಡ್ಗಿಚ್ಚು ಕಾಡಿನ ಶತ್ರು ಅಂತ. ಇವರು ಹೇಳೋದು ಬೆಂಕಿ ಇಲ್ಲದ್ದಕ್ಕೇ ಕಾಡು ಕೆಟ್ಟಿತು ಅಂತ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡ್ತೀನಿ. 1974ರಲ್ಲಿ ಬೆಟ್ಟ ವನ್ಯಧಾಮ ಆಯಿತು. ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತಾ ಮಾಡೋ ಸೋಲಿಗರ ಕುಮರಿ ಬೇಸಾಯ ನಿಂತಿತು, ಪೋಡುಗಳನ್ನು ಒಳಗಿಂದ ತಂದು ರಸ್ತೆ ಪಕ್ಕ ಕೂರಿಸಿದರು, ನೆಲದ ಒಣ ಎಲೆ, ಹುಲ್ಲಿಗೆ ಅವರು ಹಾಕುತ್ತಿದ್ದ ತರಗು ಬೆಂಕಿ ಅಪರಾಧವಾಯಿತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಜೇನು, ನೆಲ್ಲಿ, ಪಾಚಿ ಮಾರೋದಕ್ಕೂ ತಡೆ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಸೋಲಿಗರು ಅರ್ಜಿ ಹಾಕಿದರು. 2011ರ ಜನವರಿಯಲ್ಲಿ ಸುಮಾರು 575 ಚದರ ಕಿಲೋಮೀಟರಿನ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು. ಅದೇ ವರ್ಷ ಗಾಂಧಿ ಜಯಂತಿ ದಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಕೊಟ್ಟರು. ಹುಲಿ ಕಾಡಿನ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ನನ್ನ ಪ್ರಶ್ನೆ ಇಷ್ಟೇ. ಹಕ್ಕುಪತ್ರ ಬಂದು ಇಷ್ಟು ವರ್ಷ ಆಯಿತು. ಯಾವ ಗುಡ್ಡದಲ್ಲಿ ಲಂಟಾನ ಕೀಳಬೇಕು, ಎಲ್ಲಿ ಬೆಂಕಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋ ಮಾತಿನಲ್ಲಿ ಸೋಲಿಗರ ಪಾಲೆಷ್ಟು? ಕಾಡು ಸರ್ಕಾರದ್ದು, ಒಪ್ಪೋಣ. ಉಸ್ತುವಾರಿಯನ್ನಾದರೂ ಹಂಚಿಕೊಳ್ಳೋಕೆ ಆಗಲ್ವಾ?

ಲೆನ್ಸ್ ಬೆಂಗಳೂರು

ಒಳ್ಳೆ ಪ್ರಶ್ನೆ, ಆದರೆ ಸ್ವಲ್ಪ ನಿಧಾನ. ಬೆಂಕಿ ಹಾಕೋ ಅಧಿಕಾರ ಹಂಚಿಕೊಳ್ಳೋಣ ಅನ್ನೋದು ಕೇಳೋಕೆ ಚೆಂದ. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಿದ್ದು ಮರೆತುಹೋಯ್ತಾ? ಆ ಬೂದಿ ಮೇಲೆ ನಡೆದವನು ನಾನು. ಸುಟ್ಟ ಆಮೆಚಿಪ್ಪು ಕೈಯಲ್ಲಿ ಹಿಡಿದಿದ್ದೀನಿ.

ಬೀಜದುಂಡೆ

ಲೆನ್ಸ್ ಅವರೇ, ಎರಡೂ ಬೆಂಕಿಯೇ, ಆದರೆ ಎರಡೂ ಒಂದೇ ಅಲ್ಲ. ಕಾಡು ಒಣಗಿ ಬಿರಿಯೋ ಹೊತ್ತಿಗೆ, ವರ್ಷಗಟ್ಟಲೆ ಸೇರಿದ ತರಗೆಲೆ ಮತ್ತು ಒಣ ಲಂಟಾನದ ಮೇಲೆ ಬೀಳೋ ಬೆಂಕಿ ಮರದ ನೆತ್ತಿವರೆಗೂ ಏರುತ್ತೆ. ತರಗು ಬೆಂಕಿ ನೆಲ ಬಿಟ್ಟು ಮೇಲೇಳಲ್ಲ. ಜನವರಿ, ಫೆಬ್ರವರಿ ಶುರುವಿನಲ್ಲಿ, ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುವಾಗಲೇ ಹಾಕಿ ಮುಗಿಸಿಬಿಡೋದು.

ಲಂಟಾನದ ಲೆಕ್ಕ ಕೇಳಿ. ಬೆಟ್ಟದಲ್ಲಿ 1997ರಲ್ಲಿ ಅಳತೆ ಮಾಡಿದ ನೆಲದ ತುಂಡುಗಳ ಪೈಕಿ ಶೇ. 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅಳೆದಾಗ ಶೇ. 81. ಹನ್ನೊಂದು ವರ್ಷಕ್ಕೆ ಎರಡರಷ್ಟು! ಆ ಗಿಡ ಈ ದೇಶಕ್ಕೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಬ್ರಿಟಿಷರ ತೋಟದ ಹೂವಾಗಿ. ನೂರೈವತ್ತು ವರ್ಷ ಬೇಲಿ ಪಕ್ಕ ಕೂತಿದ್ದು ಇದ್ದಕ್ಕಿದ್ದ ಹಾಗೆ ಕಾಡನ್ನೇ ನುಂಗಿತು ಅಂದರೆ ಕಾಡಿನ ನಡುವೆ ಏನೋ ಬದಲಾಗಿರಲೇಬೇಕು. ಸೋಲಿಗರು ಹೇಳೋ ಉತ್ತರ ಬೆಂಕಿ ನಿಂತಿದ್ದು. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟೋಕಾಗಲ್ಲ, ಬಿದಿರು ಹೂ ಬಿಟ್ಟು ಸತ್ತ ಮೇಲೆ ತೆರೆದ ಜಾಗಕ್ಕೂ ಲಂಟಾನ ನುಗ್ಗಿತು. ಆದರೂ ಅವರ ಉತ್ತರವನ್ನು ನಾವು ಮೊದಲೇ ಗಂಭೀರವಾಗಿ ತಗೋಬೇಕಿತ್ತು.

ನೆಲ್ಲಿಕಾಯಿ ಕತೆ ಇನ್ನೂ ಸೊಗಸು. ಬೆಟ್ಟದಲ್ಲಿ ನೆಲ್ಲಿಸಸಿಗಳು ಏಳ್ತಿಲ್ಲ ಅಂತ ಗೊತ್ತಾದಾಗ ಅನುಮಾನ ಬಿದ್ದಿದ್ದು ಕಾಯಿ ಕೀಳೋ ಜನದ ಮೇಲೆ. ವರ್ಷಾನುಗಟ್ಟಲೆ ಮರ ಮರ ಗುರುತು ಹಾಕಿ ನೋಡಿದಾಗ ನೆಲ್ಲಿಗೆ ದೊಡ್ಡ ಕಂಟಕ ಬೇರೆ ಎರಡು ಇದ್ದವು: ಕೆಳಗೆ ಲಂಟಾನ, ಮೇಲೆ ಕೊಂಬೆಯ ರಸ ಹೀರೋ ಬಂದಳಿಕೆ. ಬಂದಳಿಕೆಗೆ ಸೋಲಿಗರು ಉಪ್ಪಿಲು ಅಂತಾರೆ. ಕಾಯಿ ಕೀಳೋಕೆ ಹತ್ತಿದವರು ಉಪ್ಪಿಲು ಹಿಡಿದ ಕೊಂಬೆ ಕಡಿದು ಹಾಕ್ತಿದ್ದರು, ತರಗು ಬೆಂಕಿಯ ಕಾವಿಗೂ ಅದು ಬಾಡ್ತಿತ್ತು. ಬೆಂಕಿ ನಿಂತಿತು, ಆಮೇಲೆ ಕೀಳೋದೂ ನಿಂತಿತು. ಉಪ್ಪಿಲಿಗೆ ಹಬ್ಬ.

ಲೆನ್ಸ್ ಬೆಂಗಳೂರು

ಇದು ನನಗೆ ಗೊತ್ತಿರಲಿಲ್ಲ. ಆದರೂ ಬಂಡೀಪುರದಲ್ಲಿ ಕಂಡದ್ದನ್ನು ಕಣ್ಣಿಂದ ತೆಗೆಯೋಕಾಗಲ್ಲ.

ಹಳೇ ಗಾರ್ಡ್

ನಾನು ಮೂವತ್ತು ವರ್ಷ ಇಲಾಖೆಯಲ್ಲಿ ದುಡಿದವನು. ಯಾವ ವಿಭಾಗ, ಯಾವ ರೇಂಜು ಅಂತ ಹೇಳಲ್ಲ, ಪಿಂಚಣಿ ತಿನ್ನೋನು. ಬಿಳಿಗಿರಿ ಅಲ್ಲ ಅಂತ ಮಾತ್ರ ತಿಳ್ಕೊಳ್ಳಿ.

ಪ್ರತಿ ವರ್ಷ ಸಂಕ್ರಾಂತಿಗೆ ಮುಂಚೆ ಬೆಂಕಿ ಗೆರೆ ಮಾಡೋ ಕೆಲಸ, ಅಂದ್ರೆ ಬೆಂಕಿ ದಾಟದ ಹಾಗೆ ಗಿಡ, ಹುಲ್ಲು ತೆಗೆದ ಪಟ್ಟಿ. ಗೆರೆ ಕಡಿಯೋರು ಯಾರು? ಹಾಡಿ ಜನ. ಬೇಸಿಗೇಲಿ ಬೆಂಕಿ ಬಿದ್ರೆ ಹಸಿಸೊಪ್ಪು ಹಿಡ್ಕೊಂಡು ಮುಂದೆ ಓಡೋರು ಯಾರು? ಅವರೇ. ಕ್ಯಾಂಪಲ್ಲಿ ರಾತ್ರಿ ಕಾಯೋ ವಾಚರ್ ಯಾರು? ಅವರೇ. ಹುಲಿ ಎಣಿಸುವಾಗ ಹೆಜ್ಜೆ ತೋರಿಸಿ, ಹಿಕ್ಕೆ ತೋರಿಸಿ, ಸಾಹೇಬರಿಗೆ "ಇದು ಹೆಣ್ಣು ಸಾರ್, ಮರಿ ಇದೆ" ಅನ್ನೋರೂ ಅವರೇ. ನಾನು ಕಾಡು ಕಲಿತಿದ್ದು ತರಬೇತಿ ಶಾಲೆಯಲ್ಲಿ ಅಲ್ಲ, ಒಬ್ಬ ವಾಚರ್ ಹಿಂದೆ ನಡೆದು. ಅವನು ದಿನಗೂಲಿ, ನಾನು ಖಾಯಂ.

ಒಂದು ಸಲ ಬೆಂಕಿ ಗೆರೆ ಎಲ್ಲಿ ಹಾಕಬೇಕು ಅಂತ ಕಚೇರಿಯಿಂದ ನಕ್ಷೆ ಬಂತು. ಆ ವಾಚರ್ ನೋಡಿ, "ಗಾಳಿ ಈ ಕಡೆಯಿಂದ ಬತ್ತದೆ ಬುದ್ಧಿ, ಗೆರೆ ಆ ದಿಣ್ಣೆ ಹಿಂದಕ್ಕಿರಬೇಕು" ಅಂದ. ನಾನು ಮೇಲೆ ಹೇಳಿದೆ. "ಪ್ಲಾನ್ ಅಪ್ರೂವ್ ಆಗಿದೆ, ಸುಮ್ನೆ ಕಡಿಸ್ರಿ" ಅಂದ್ರು. ಮಾರ್ಚಲ್ಲಿ ಬೆಂಕಿ ಆ ದಿಣ್ಣೆ ದಾಟಿ ಬಂತು. ವಾಚರ್‌ಗೆ ಕಾಲು ಸುಟ್ಟಿತು. ವರದಿ ಬರೆದವನು ನಾನೇ. ಅದರಲ್ಲಿ ಗಾಳಿ ಅನ್ನೋ ಪದ ಇತ್ತು, ಅವನು ಮುಂಚೆ ಹೇಳಿದ್ದು ಇರಲಿಲ್ಲ. ಇವತ್ತಿಗೂ ನನಗೆ ಅದು ಚುಚ್ಚುತ್ತೆ.

ಹಂಗಾಗಿ ಕಾಡಂಚಿನವರೇ, ಕೆಲಸ ಯಾವತ್ತೋ ಹಂಚಿಕೊಂಡಾಗಿದೆ. ಮಾತು ಹಂಚಿಕೊಂಡಿಲ್ಲ.

ಪೋಡಿನ ಹುಡುಗಿ

ನಮಸ್ಕಾರ. ನಾನು ಸೋಲಿಗರ ಹುಡುಗಿ, ಓದ್ತಾ ಇದೀನಿ, ಸದ್ಯ ಹಾಸ್ಟೆಲಲ್ಲಿದ್ದೀನಿ. ಗಾರ್ಡ್ ಅಪ್ಪಾಜಿ ಬರೆದಿದ್ದು ಓದಿ ನನಗೂ ಬರೀಬೇಕು ಅನ್ನಿಸ್ತು.

ತರಗು ಬೆಂಕಿ ನಾನು ನೋಡಿಲ್ಲ. ನಮ್ಮಮ್ಮನೂ ನೋಡಿಲ್ಲ. ಅಜ್ಜಿ ನೋಡಿದಾರೆ. ಅವರು ಹೇಳೋದು: ಬೆಳಗ್ಗೆ ಇಬ್ಬನಿ ಆರೋ ಹೊತ್ತಿಗೆ ಹಾಕೋರು, ದಿಣ್ಣೆ ಮೇಲಿಂದ ಕೆಳಕ್ಕೆ ಇಳಿಯೋ ಹಂಗೆ. ಮಕ್ಕಳು ಪಕ್ಕದಲ್ಲೇ ನಡ್ಕೊಂಡು ಹೋಗೋರು. ಬೆಂಕಿ ಮೊಣಕಾಲು ದಾಟ್ತಿರಲಿಲ್ಲ. ಉರಿ ಮುಂದಕ್ಕೆ ಹೋದ ಮೇಲೆ ಬೂದಿಯಲ್ಲಿ ಗೆಡ್ಡೆಯ ಬಳ್ಳಿ ಎಲ್ಲಿದೆ ಅಂತ ಗುರುತು ಇಟ್ಕೊಳ್ಳೋರು. ಒಂದೆರಡು ಮಳೆ ಬಿದ್ರೆ ಎಳೆ ಹುಲ್ಲು, ಹುಲ್ಲಿಗೆ ಕಡವೆ. "ಕಾಡು ಮುಖ ತೊಳ್ಕೊಂಡಂಗೆ ಇರ್ತಿತ್ತು" ಅಂತಾರೆ ಅಜ್ಜಿ.

ಒಂದು ಮಾತು ಕೇಳ್ಬೇಕು. ನಮ್ಮ ಕಾಡನ್ನ ನೀವೆಲ್ಲ ಕಾಡು ಅಂತೀರಾ, ಕೋರ್ ಅಂತೀರಾ, ಬಫರ್ ಅಂತೀರಾ. ನಮಗೆ ಅದು ಎಲ್ಲೆ. ಒಂದೊಂದು ಎಲ್ಲೆಗೂ ಒಂದೊಂದು ಕುಲ. ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಇವೆಲ್ಲ ಇದ್ರೇನೇ ಎಲ್ಲೆ. ಸಂಶೋಧಕರು ನಮ್ಮ ಹಿರಿಯರ ಜೊತೆ ನಡೆದು ಇಂಥ 489 ಜಾಗ ನಕ್ಷೆ ಮೇಲೆ ಗುರುತಿಸಿದಾರೆ. ದೊಡ್ಡಸಂಪಿಗೆ ಮರ ನೋಡೋಕೆ ಎಲ್ರೂ ಬರ್ತೀರಲ್ಲ, ಅದು ಅವುಗಳಲ್ಲಿ ಒಂದು. ಉಳಿದ 488 ಯಾರಿಗೆ ಗೊತ್ತು?

ಲೆನ್ಸ್ ಬೆಂಗಳೂರು

ತಂಗಿ, ಬೇಜಾರು ಮಾಡ್ಕೋಬೇಡಿ, ನೇರ ಕೇಳ್ತೀನಿ. ನಿಮ್ಮಮ್ಮನೇ ನೋಡಿಲ್ಲ ಅಂದ್ರಿ. 1974ರಲ್ಲಿ ಇಪ್ಪತ್ತು ವಯಸ್ಸಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಬೆಂಕಿ ಹಾಕೋ ಕೈ ಈಗ ಎಲ್ಲಿದೆ? ನಿಮ್ಮ ವಯಸ್ಸಿನ ಹುಡುಗರಿಗೆ ಗಾಳಿ ನೋಡೋಕೆ ಬರುತ್ತಾ? "ಸಾಂಪ್ರದಾಯಿಕ ಜ್ಞಾನ" ಅಂತ ನಾವು ಹಾಡಿ ಹೊಗಳ್ತೀವಿ, ಅಷ್ಟರಲ್ಲಿ ಜ್ಞಾನ ಇದ್ದವರು ತೀರಿಹೋಗಿರ್ತಾರೆ. ಅಧಿಕಾರ ಮಾತ್ರ ಮುಂದಿನ ತಲೆಮಾರಿಗೆ ಬರುತ್ತೆ. ಹಾಗಾದಾಗ ಏನು?

ಪೋಡಿನ ಹುಡುಗಿ

ಬೇಜಾರಿಲ್ಲ ಅಣ್ಣ. ನಾವೇ ಇದನ್ನ ಮಾತಾಡ್ಕೊಳ್ತೀವಿ. ನನ್ನ ತಮ್ಮನಿಗೆ ಹೆಜ್ಜೇನು ಮರ ಹತ್ತೋಕೆ ಬರುತ್ತೆ, ಬೆಂಕಿ ಹಾಕೋಕೆ ಬರಲ್ಲ. ಯಾಕೆ? ಜೇನು ಕೀಳೋದನ್ನ ಯಾರೂ ಪೂರ್ತಿ ನಿಲ್ಸೋಕೆ ಆಗ್ಲಿಲ್ಲ, ಅಪ್ಪ ಕರ್ಕೊಂಡೋಗಿ ಕಲಿಸ್ದ. ಬೆಂಕಿ ಹಾಕಿದ್ರೆ ಕೇಸು. ಕೇಸಾಗೋ ವಿದ್ಯೆಯನ್ನ ಯಾವ ಅಪ್ಪ ಮಗನಿಗೆ ಕಲಿಸ್ತಾನೆ? ಐವತ್ತು ವರ್ಷ ಕಲಿಸೋಕೆ ಬಿಡದೆ, ಈಗ ಬರುತ್ತಾ ಅಂತ ಪರೀಕ್ಷೆ ಮಾಡ್ತೀರಲ್ಲ.

ಲೆನ್ಸ್ ಬೆಂಗಳೂರು

ಒಪ್ಪಿದೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕಾಯ್ದೆಪುಸ್ತಕ

ವಕೀಲನಾಗಿ ಒಂದಿಷ್ಟು. ಇಲ್ಲಿ ಎರಡು ಕಾನೂನು ಒಂದೇ ನೆಲದ ಮೇಲೆ ನಿಂತಿವೆ.

ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ವನ್ಯಧಾಮದೊಳಗೆ ಬೆಂಕಿ ಹಚ್ಚೋದು ನಿಷಿದ್ಧ. ಅರಣ್ಯ ಹಕ್ಕು ಕಾಯ್ದೆಯ 3(1)(ಐ) ಪ್ರಕಾರ, ಸಮುದಾಯ ತಾನು ತಲತಲಾಂತರದಿಂದ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸೋ, ಮತ್ತೆ ಬೆಳೆಸೋ, ನಿರ್ವಹಿಸೋ ಹಕ್ಕು ಹೊಂದಿದೆ. 5ನೇ ಸೆಕ್ಷನ್ನು ಗ್ರಾಮಸಭೆಗೆ ಅಧಿಕಾರವನ್ನೂ ಕೊಡುತ್ತೆ, ಹೊಣೆಯನ್ನೂ ಹೊರಿಸುತ್ತೆ. ನಿಯಮ 4(1)(ಇ) ಪ್ರಕಾರ ಗ್ರಾಮಸಭೆ ಸಮಿತಿ ಮಾಡಬೇಕು, ಆ ಸಮಿತಿ ನಿರ್ವಹಣಾ ಯೋಜನೆ ಬರೆಯಬೇಕು. 2012ರ ತಿದ್ದುಪಡಿಯಲ್ಲಿ ಇದು ಇನ್ನೂ ಬಿಗಿಯಾಯಿತು. ಕಾಯ್ದೆಯ ಪೀಠಿಕೆಯಲ್ಲೇ "ಐತಿಹಾಸಿಕ ಅನ್ಯಾಯ" ಅನ್ನೋ ಮಾತಿದೆ. ನಮ್ಮ ಸಂಸತ್ತು ಕಾನೂನಿನ ಭಾಷೆಯಲ್ಲಿ ತಪ್ಪೊಪ್ಪಿಕೊಂಡಿದ್ದು ಅಪರೂಪ.

ಇನ್ನು ಆಚರಣೆಯಲ್ಲಿ ಏನಾಗುತ್ತೆ? 2017ರ ಮಾರ್ಚಲ್ಲಿ ಕೇಂದ್ರದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಒಂದು ಆದೇಶ ಹೊರಡಿಸಿ, ಹುಲಿ ಆವಾಸದ ಒಳಭಾಗದಲ್ಲಿ ಈ ಹಕ್ಕುಗಳನ್ನೇ ಕೊಡಬೇಡಿ ಅಂತು. ಒಂದು ವರ್ಷ ಗಲಾಟೆಯಾದ ಮೇಲೆ ಹಿಂಪಡೆಯಿತು. 2024ರ ಜೂನ್‌ನಲ್ಲಿ ಮತ್ತೊಂದು ಪತ್ರ: 591 ಊರುಗಳ 64,801 ಕುಟುಂಬಗಳು ಇನ್ನೂ ದೇಶದ ಹುಲಿ ಕಾಡುಗಳ ಒಳಗಿವೆ, ಸ್ಥಳಾಂತರಕ್ಕೆ ವೇಗ ಕೊಡಿ. ಸ್ಥಳಾಂತರ ಸ್ವಇಚ್ಛೆಯಿಂದಲೇ ಆಗಬೇಕು, ಹಕ್ಕು ಮಾನ್ಯ ಆದ ಮೇಲೇ ಆಗಬೇಕು ಅಂತ ಎರಡೂ ಕಾಯ್ದೆಗಳಲ್ಲಿ ಬರೆದಿದೆ. ಬರೆದಿದೆ, ಅಷ್ಟೇ. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ತಾವು ಹಿಂದೆ ಬಿಟ್ಟು ಬರಬೇಕಾಗಿದ್ದ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ನಡೆದು ಹೋಗಿ ಗುಡಿಸಲು ಹಾಕಿದ್ದು ಇದೇ ಕಾರಣಕ್ಕೆ.

ಗ್ರಾಮಸಭೆಯ ಮಾತಿಗೆ ಬೆಲೆ ಇಲ್ಲ ಅನ್ನೋರಿಗೆ ನಿಯಮಗಿರಿ ನೆನಪಿಸ್ತೀನಿ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬಾಕ್ಸೈಟ್ ಗಣಿ ಬೇಕೋ ಬೇಡವೋ ಅಂತ ಗ್ರಾಮಸಭೆಗಳನ್ನೇ ಕೇಳಿ ಅಂತು. ಒಡಿಶಾದ 12 ಹಳ್ಳಿ ಕೂತವು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ.

ದೂರದ ಕನ್ನಡಿಗ

ನಾನು ಆಸ್ಟ್ರೇಲಿಯಾದಲ್ಲಿದ್ದೀನಿ. ಇಲ್ಲಿನ ಒಂದೆರಡು ವಿಷಯ ಚರ್ಚೆಗೆ ಬರುತ್ತೆ ಅನ್ನಿಸ್ತು.

ಉಲುರು, ಆ ಕೆಂಪು ಬಂಡೆ, ಎಲ್ಲರೂ ಚಿತ್ರದಲ್ಲಿ ನೋಡಿರ್ತೀರಿ. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಪಟ್ಟಾ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಕೊಟ್ಟಿತು. ಕೊಟ್ಟ ಕೈಯಲ್ಲೇ 99 ವರ್ಷಕ್ಕೆ ವಾಪಸ್ ಗುತ್ತಿಗೆಗೂ ತಗೊಂಡಿತು. ನಗು ಬರುತ್ತೆ ಅಲ್ವಾ? ನಾನೂ ಮೊದಲು ನಕ್ಕಿದ್ದೆ. ಆದರೆ ಗುತ್ತಿಗೆಗೆ ಕೊಡೋನು ಯಜಮಾನ, ಆಡಳಿತ ಮಂಡಳಿಯಲ್ಲಿ ಹೆಚ್ಚು ಕುರ್ಚಿ ಅನಂಗು ಜನರದ್ದು. ಬಂಡೆ ಹತ್ತಬೇಡಿ, ಅದು ನಮಗೆ ಪವಿತ್ರ ಅಂತ ಅವರು ಮೊದಲಿಂದಲೂ ಹೇಳ್ತಿದ್ದರು. ಪ್ರವಾಸಿಗರು ಹತ್ತುತ್ತಲೇ ಇದ್ದರು. ಮಂಡಳಿ ಹತ್ತೋದನ್ನು ಪೂರ್ತಿ ನಿಲ್ಲಿಸಿದ್ದು 2019ರಲ್ಲಿ, ಅದೇ ಅಕ್ಟೋಬರ್ 26ರಂದು. ಮೂವತ್ತನಾಲ್ಕು ವರ್ಷ ಬೇಕಾಯಿತು.

ನನಗೆ ಇನ್ನೂ ಇಷ್ಟವಾಗೋದು ಕೆನಡಾದ ಗ್ವಾಯ್ ಹಾನಾಸ್. 1985ರಲ್ಲಿ ಅಲ್ಲಿನ ಮೂಲನಿವಾಸಿ ಹೈಡಾ ಜನ ಮರ ಕಡಿಯೋ ಲಾರಿಗಳ ದಾರಿಗೆ ಅಡ್ಡ ಕೂತರು, ಪೊಲೀಸರು ಅವರ ಹಿರಿಯರನ್ನೂ ಬಂಧಿಸಿದರು. 1993ರಲ್ಲಿ ಒಪ್ಪಂದ ಆಯಿತು. ಈ ನೆಲ ನಮ್ಮದು ಅಂತ ಹೈಡಾ, ಈ ನೆಲ ನಮ್ಮದು ಅಂತ ಕೆನಡಾ, ಎರಡೂ ಮಾತನ್ನು ಒಂದೇ ಕಾಗದದಲ್ಲಿ ಅಕ್ಕಪಕ್ಕ ಬರೆದರು. ಜಗಳ ಬಗೆಹರಿಸಲಿಲ್ಲ. ಅದನ್ನು ಹಾಗೇ ಬಿಟ್ಟು, ಇಬ್ಬರದೂ ಸಮ ಸಂಖ್ಯೆಯ ಮಂಡಳಿ ಮಾಡಿ, ಒಮ್ಮತದಿಂದ ನಡೆಸೋಣ ಅಂದರು. ಮಾಲೀಕತ್ವ ಇತ್ಯರ್ಥ ಆಗೋತನಕ ಕಾಯ್ತಾ ಕೂತಿದ್ದರೆ ಅಷ್ಟರಲ್ಲಿ ಮರ ಉಳಿಯುತ್ತಿರಲಿಲ್ಲ.

ಕಾಯ್ದೆಪುಸ್ತಕ

ಅಮೆರಿಕದ ಬೇರ್ಸ್ ಇಯರ್ಸ್ ಕೂಡ ಸೇರಿಸಿ, ಆದರೆ ಎಚ್ಚರಿಕೆಯಾಗಿ. ಯೂಟಾ ರಾಜ್ಯದಲ್ಲಿ 13.5 ಲಕ್ಷ ಎಕರೆ. ಐದು ಬುಡಕಟ್ಟುಗಳು ಒಟ್ಟಿಗೆ ಕೇಳಿದ್ದಕ್ಕೆ 2016ರ ಡಿಸೆಂಬರಲ್ಲಿ ಒಬಾಮಾ ರಾಷ್ಟ್ರೀಯ ಸ್ಮಾರಕ, ಅಂದರೆ ಸಂರಕ್ಷಿತ ನೆಲ, ಅಂತ ಘೋಷಿಸಿದರು. ಮರುವರ್ಷ ಡಿಸೆಂಬರಲ್ಲಿ ಟ್ರಂಪ್ ಅದರ ಶೇ. 85ರಷ್ಟನ್ನು ಕತ್ತರಿಸಿದರು. 2021ರಲ್ಲಿ ಬೈಡನ್ ಮತ್ತೆ ಜೋಡಿಸಿದರು. 2022ರಲ್ಲಿ ಐದೂ ಬುಡಕಟ್ಟುಗಳ ಜೊತೆ ಸಹ ನಿರ್ವಹಣೆಯ ಒಪ್ಪಂದ. ಒಬ್ಬರ ಸಹಿಯಿಂದ ಬಂದದ್ದು ಇನ್ನೊಬ್ಬರ ಸಹಿಯಿಂದ ಹೋಗುತ್ತೆ. ಆ ಲೆಕ್ಕದಲ್ಲಿ ಸಂಸತ್ತು ಪಾಸು ಮಾಡಿದ ನಮ್ಮ ಕಾಯ್ದೆ ಗಟ್ಟಿ. ಅದನ್ನ ಬಳಸೋ ಮನಸ್ಸು ಗಟ್ಟಿ ಇಲ್ಲ.

ಲೆನ್ಸ್ ಬೆಂಗಳೂರು

ಎಲ್ಲ ಕಡೆ ಸುಖಾಂತ್ಯ ಅಂತ ಬಿಂಬಿಸಬೇಡಿ. ನ್ಯೂಜಿಲೆಂಡಿನ ತೆ ಉರೆವೆರಾ ನೋಡಿ. 2014ರಲ್ಲಿ ರಾಷ್ಟ್ರೀಯ ಉದ್ಯಾನ ಅನ್ನೋದನ್ನೇ ತೆಗೆದು, ಕಾಡಿಗೇ ಕಾನೂನಿನ ವ್ಯಕ್ತಿತ್ವ ಕೊಟ್ಟರು. ಅಲ್ಲಿನ ಮಾವೋರಿ ಬುಡಕಟ್ಟಾದ ತೂಹೊ ಜನ ನಡೆಸ್ತಾರೆ. 2022ರಲ್ಲಿ ಚಾರಣಿಗರ ಹಳೇ ತಂಗುಮನೆಗಳನ್ನು ಕೆಡವೋಕೆ ಹೊರಟಾಗ ಅವರದೇ ಜನ ಕೋರ್ಟಿಗೆ ಹೋದರು.

ದೂರದ ಕನ್ನಡಿಗ

ನಿಜ. ಅದಕ್ಕೆ ನಾನು ಕೇಳೋದು, ಇಲಾಖೆ ತಪ್ಪು ಮಾಡಿದಾಗ ಇಲಾಖೆಯನ್ನೇ ಮುಚ್ಚಿ ಅಂತ ಯಾರಾದರೂ ಅಂತಾರಾ? ಬುಡಕಟ್ಟು ಜನ ಒಂದು ತಪ್ಪು ಮಾಡಿದರೆ ಮಾತ್ರ "ನೋಡಿ, ನಾವು ಮೊದಲೇ ಹೇಳಿದ್ದೆವು" ಅಂತ ಶುರುವಾಗುತ್ತೆ.

ಅಡಿಕೆಪಟ್ಟೆ

ಹಾಗಾದರೆ ಹುಲಿ ಹೆಚ್ಚಾಗಿದ್ದು ಸೋಲಿಗರಿಂದ ತಾನೇ? 2010ರಲ್ಲಿ 35 ಇದ್ದದ್ದು 2014ಕ್ಕೆ 68 ಆಯ್ತು ಅಂತ ಎಲ್ಲ ಕಡೆ ಓದಿದೀನಿ. ಹಕ್ಕು ಕೊಟ್ಟರು, ಹುಲಿ ಎರಡರಷ್ಟಾಯಿತು. ಇನ್ನೇನು ಸಾಕ್ಷಿ ಬೇಕು?

ಬೀಜದುಂಡೆ

ಆ ಅಂಕಿಯನ್ನು ಹೀಗೆ ಹಿಡ್ಕೊಂಡು ಓಡಬೇಡಿ. ಪಕ್ಕದ ಸತ್ಯಮಂಗಲ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, ಎರಡೂ ಕಾಡು ಅಂಟಿಕೊಂಡಿವೆ, ಹುಲಿ ಆಚೀಚೆ ಓಡಾಡುತ್ತೆ. ಎಣಿಸೋ ಕ್ಯಾಮೆರಾ ಸಂಖ್ಯೆ ಬದಲಾದರೂ ಲೆಕ್ಕ ಬದಲಾಗುತ್ತೆ. ಇಷ್ಟಂತೂ ಹೇಳಬಹುದು: ಜನ ಹಕ್ಕಿನಿಂದ ಕಾಡಿನಲ್ಲಿ ಓಡಾಡಿದ್ದರಿಂದ ಹುಲಿ ಓಡಿಹೋಗಲಿಲ್ಲ. ನಾಳೆ ಹತ್ತು ಹುಲಿ ಕಮ್ಮಿಯಾದರೆ ಹಕ್ಕು ವಾಪಸ್ ತಗೊಳ್ಳಿ ಅಂತೀರಾ? ಹುಲಿ ಲೆಕ್ಕದ ಮೇಲೆ ಹಕ್ಕನ್ನು ನಿಲ್ಲಿಸಿದರೆ ಅದು ಹಕ್ಕಲ್ಲ, ಬಹುಮಾನ.

ಅಡಿಕೆಪಟ್ಟೆ

ಸರಿ ಗುರುವೇ, ತಪ್ಪಾಯ್ತು.

ಕಾಡಂಚಿನವ

ನನ್ನ ಮೊದಲಿನ ಪ್ರಶ್ನೆಗೆ ಬರೋಣ. ಈಗಿರೋ ಲಂಟಾನಕ್ಕೆ ನೇರವಾಗಿ ಬೆಂಕಿ ಹಾಕಿದರೆ?

ಬೀಜದುಂಡೆ

ಖಂಡಿತ ಬೇಡ. ಇಲ್ಲಿ ಲೆನ್ಸ್ ಅವರ ಭಯ ಸರಿ. ಹಳೇ ಕಾಡಲ್ಲಿ ಕೆಳಗೆ ಹುಲ್ಲು, ತರಗು ಅಷ್ಟೇ ಇತ್ತು, ಬೆಂಕಿ ತಣ್ಣಗಿರ್ತಿತ್ತು. ಲಂಟಾನ ಪೊದೆ ಏಣಿಯ ಹಾಗೆ, ಬೆಂಕಿಯನ್ನು ಮರದ ಮೇಲಕ್ಕೆ ಹತ್ತಿಸುತ್ತೆ. ಸುಟ್ಟ ಬುಡದಿಂದ ಮತ್ತೆ ಚಿಗುರುತ್ತೆ ಬೇರೆ. ಮೊದಲು ಕೀಳಬೇಕು. ಬರೀ ಮೇಲಿಂದ ಕತ್ತರಿಸಿದರೆ ಒಂದಕ್ಕೆ ನಾಲ್ಕು ಚಿಗುರು. ಗುದ್ದಲಿಯಿಂದ ಮಣ್ಣಿನೊಳಗೆ ಮೂರು ನಾಲ್ಕು ಬೆರಳು ಕೆಳಕ್ಕೆ, ಕಾಂಡ ಮತ್ತು ಬೇರು ಸೇರೋ ಗಂಟಿನ ಕೆಳಗೆ ಕಡಿದು, ಗಿಡವನ್ನು ತಲೆಕೆಳಗೆ ಒರಗಿಸಬೇಕು, ಬೇರು ಆಕಾಶ ನೋಡೋ ಹಾಗೆ. ಆಮೇಲೆ ಎರಡು ಮೂರು ಮಳೆಗಾಲ ಹುಟ್ಟೋ ಸಸಿ ಕೀಳ್ತಾ ಇರಬೇಕು. ಹುಲ್ಲು ಬಂದ ಮೇಲೆ ತಣ್ಣನೆ ಬೆಂಕಿಯ ಮಾತು.

ಈ ಎರಡು ಮೂರು ಮಳೆಗಾಲ ಅನ್ನೋದೇ ಎಲ್ಲ ಯೋಜನೆ ಬೀಳೋ ಗುಂಡಿ. ಗುತ್ತಿಗೆದಾರನಿಗೆ ಒಂದು ವರ್ಷದ ಬಿಲ್ಲು. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಲಂಟಾನ. ಪಕ್ಕದಲ್ಲೇ ಬದುಕೋರು ಮಾತ್ರ ಮೂರು ವರ್ಷ ಬೆನ್ನು ಬಗ್ಗಿಸ್ತಾರೆ, ಅದೂ ಆ ಜಾಗದಲ್ಲಿ ಮುಂದೆ ಏನು ಬೆಳೀಬೇಕು ಅನ್ನೋದು ಅವರ ಕೈಲಿದ್ದರೆ.

ಹಳೇ ಗಾರ್ಡ್

ಕೈಮುಗಿದು ಹೇಳ್ತೀನಿ, ನೂರಕ್ಕೆ ನೂರು ನಿಜ. ಕಿತ್ತ ಲಂಟಾನವನ್ನೂ ಬಿಸಾಕಬೇಡಿ. ಗೂಡಲೂರು ಕಡೆ ಬೆಟ್ಟಕುರುಂಬ, ಪಣಿಯ, ಸೋಲಿಗ ಜನ ಲಂಟಾನ ಕಡ್ಡಿಯಲ್ಲಿ ನಿಜವಾದ ಅಳತೆಯ ಆನೆಗಳನ್ನ ಕಟ್ಟಿದಾರೆ. 2021ರಲ್ಲಿ ಅವು ಲಂಡನ್ನಿನ ಪಾರ್ಕಲ್ಲಿ ನಿಂತಿದ್ವು. ಬ್ರಿಟಿಷರು ತಂದ ಗಿಡ ಬ್ರಿಟಿಷರ ಊರಿಗೇ ಆನೆಯಾಗಿ ವಾಪಸ್!

ಲೆನ್ಸ್ ಬೆಂಗಳೂರು

ಅದು ನನಗೂ ಖುಷಿ ಕೊಟ್ಟ ಸುದ್ದಿ. ಸರಿ, ನಾನು ಒಂದು ಹೆಜ್ಜೆ ಮುಂದೆ ಬರ್ತೀನಿ. ಯಾರೂ ಒಂದೇ ಸಲ ಇಡೀ ಬೆಟ್ಟ ಕೇಳ್ತಿಲ್ಲ ತಾನೇ? ಒಂದು ಪೋಡಿನ ಒಂದು ಎಲ್ಲೆ, ನೂರು ಎಕರೆ ತಗೊಳ್ಳಿ. ಹಿರಿಯರು ಬದುಕಿರುವಾಗಲೇ. ಇಲಾಖೆಯ ಬೆಂಕಿ ವಾಹನ ಪಕ್ಕದಲ್ಲಿ ನಿಂತಿರಲಿ, ಸಸ್ಯ ಎಣಿಸೋರು ಎಣಿಸಲಿ. ಆದರೆ ಯಾವ ದಿನ, ಯಾವ ಹೊತ್ತು ಅನ್ನೋದನ್ನ ಹಿರಿಯರು ಹೇಳಲಿ. ನಾನು ಬಂದು ಫೋಟೋ ತೆಗೀತೀನಿ, ಕಾಸು ಬೇಡ.

ಪೋಡಿನ ಹುಡುಗಿ

ಅಣ್ಣ, "ಇವತ್ತು ಬೇಡ" ಅಂತ ಹಿರಿಯರು ಅಂದ್ರೆ ಸಾಹೇಬರು ವಾಪಸ್ ಹೋಗ್ತಾರಾ? ಎಲ್ಲ ತಯಾರಿ ಆಗಿ, ಟಿವಿಯವರು ಬಂದು ನಿಂತಿರುವಾಗ? ಅದನ್ನ ಮೊದಲೇ ಬರ್ಕೊಡಿ ಅಂತ ನಾವು ಕೇಳೋದು. ಹೂಂ ಅನ್ನೋಕೆ ನಮ್ಮನ್ನ ಎಲ್ರೂ ಕರೀತಾರೆ.

ಕಾಯ್ದೆಪುಸ್ತಕ

ಅದಕ್ಕೆ ಕಾಗದ ಬೇಕು ತಂಗಿ. ಒಂದು ಕೆಲಸ ಮಾಡಿ. ನಿಮ್ಮ ಗ್ರಾಮಸಭೆಯ ಹಕ್ಕುಪತ್ರ ಹುಡುಕಿ, ಮೇಲೆ ಯಾವ ಅನುಬಂಧ ಅಂತ ಬರೆದಿದೆ ನೋಡಿ. ಅನುಬಂಧ 3 ಇದ್ದರೆ ಅದು ಸಮುದಾಯ ಹಕ್ಕು: ಜೇನು, ನೆಲ್ಲಿ, ಮೀನು, ಮೇವು ಇತ್ಯಾದಿ. ಅನುಬಂಧ 4 ಸಮುದಾಯ ಅರಣ್ಯ ಸಂಪನ್ಮೂಲದ್ದು, ಕಾಡನ್ನು ನಿರ್ವಹಿಸೋ ಹಕ್ಕನ್ನು ಸ್ಪಷ್ಟವಾಗಿ ತೋರಿಸೋ ಪತ್ರ. ಅದಕ್ಕೆ ಬೇರೆ ಅರ್ಜಿ, ನಮೂನೆ ಸಿ. ಗಡಿ ಗುರುತು, ನಕ್ಷೆ, ಇಬ್ಬರು ಹಿರಿಯರ ಹೇಳಿಕೆ ಇಟ್ಟುಕೊಂಡು ಗ್ರಾಮಸಭೆಯಲ್ಲಿ ಠರಾವು ಮಾಡಿ. ಮಹಾರಾಷ್ಟ್ರದ ಗಡ್‌ಚಿರೋಲಿಯ ಮೆಂಢಾ ಲೇಖಾ ಅನ್ನೋ ಊರಿಗೆ 2009ರಲ್ಲೇ ಸಮುದಾಯ ಹಕ್ಕು ಸಿಕ್ಕಿತು. ಬಿದಿರು ಸಾಗಿಸೋ ಪರವಾನಗಿ ಪುಸ್ತಕ ಊರಿನ ಕೈಗೆ ಬಂದಿದ್ದು 2011ರಲ್ಲಿ. ನಡುವಿನ ಎರಡು ವರ್ಷ ಬರೀ ಆ ಪುಸ್ತಕಕ್ಕೆ ಜಗಳ. ಕಾಗದ ಅಂದರೆ ಹಾಗೇ.

ನಿರ್ವಾಹಕ

ಕೆಲವು ಪ್ರತಿಕ್ರಿಯೆ ಅಳಿಸಿದ್ದೇನೆ. "ಕಾಡುಜನ" ಅಂತ ಹೀಯಾಳಿಸಿ ಬರೆದವರಿಗೆ ಇಲ್ಲಿ ಜಾಗ ಇಲ್ಲ. ಹಾಗೆಯೇ ಅರಣ್ಯ ಸಿಬ್ಬಂದಿಯನ್ನೆಲ್ಲ ಕಳ್ಳರು ಅಂದವರಿಗೂ.

ಪೋಡಿನ ಹುಡುಗಿ

ಶನಿವಾರ ಊರಿಗೆ ಬಂದೆ. ಹಕ್ಕುಪತ್ರದ ನಕಲು ನಮ್ಮ ಅಜ್ಜಿಯ ಟ್ರಂಕಲ್ಲೇ ಇತ್ತು, ಲ್ಯಾಮಿನೇಷನ್ ಮಾಡಿಸಿ ಸೀರೆ ಮಧ್ಯ ಇಟ್ಟಿದ್ರು. ಅನುಬಂಧ 3. ನಮೂನೆ ಸಿ ನಮ್ಮಲ್ಲಿ ಯಾರೂ ಯಾವತ್ತೂ ಹಾಕಿಲ್ಲವಂತೆ. ಸಂಜೆ ಅರಣ್ಯ ಹಕ್ಕು ಸಮಿತಿಯವರ ಮನೆಗೆ ಹೋಗಿದ್ದೆ, ಮುಂದಿನ ಗ್ರಾಮಸಭೆಯಲ್ಲಿ ಇಡೋಣ ಅಂದ್ರು. ನಕ್ಷೆ ಬೇಕು. ಗಾರ್ಡ್ ಅಪ್ಪಾಜಿ, ನಿಮಗೆ ನಕ್ಷೆ ಓದೋಕೆ ಬರುತ್ತಲ್ಲ, ನಿಮ್ಮ ಹತ್ರ ಹಳೇದು ಯಾವುದಾದ್ರೂ ಇದೆಯಾ?

ಹಳೇ ಗಾರ್ಡ್

ನಿಮ್ಮ ಕಡೆಯ ಸರ್ವೆ ಶೀಟು ಒಂದು ಇದೆ ಮಗಳೇ, ಮಡಿಕೆಯಲ್ಲಿ ಹರಿದಿದೆ, ಅಂಟಿಸ್ತೀನಿ. ಈಗ ತೆಗೆದು ನೋಡ್ದೆ. ಹಳ್ಳ ಇದೆ, ದಿಣ್ಣೆ ಇದೆ, ದಿಣ್ಣೆಯ ಎತ್ತರ ಇದೆ. ನಿಮ್ಮ ಕಲ್ಲುಗುಡಿ ಇಲ್ಲ, ಅಬ್ಬಿ ಇಲ್ಲ, ಎಲ್ಲೆ ಅನ್ನೋದಂತೂ ಇಲ್ಲವೇ ಇಲ್ಲ. ಭಾನುವಾರ ಬಸ್ಸಿಗೆ ಬರ್ತೀನಿ. ಅಜ್ಜಿ ಹೇಳ್ಲಿ, ನಾನು ಪೆನ್ಸಿಲಲ್ಲಿ ಬರ್ಕೊಳ್ತೀನಿ.